ಬೇಲಿಯ ಉರುಳಿಗೆ ಸಿಕ್ಕ ಚಿರತೆ: ಬಿಡಿಸುವುದು, ಕೇಸು ಕಟ್ಟುವುದು

ಮೈಸೂರು, ಮಂಡ್ಯ, ಚಾಮರಾಜನಗರ, ರಾಮನಗರ, ತುಮಕೂರು ಸೀಮೆಯ ಅರಣ್ಯ ಸಿಬ್ಬಂದಿಗೆ ಬೆಳಗಿನ ಜಾವ ಬರುವ ಫೋನಿನ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ನಮ್ ಹೊಲದ ಬೇಲೀಲಿ ಚಿರತೆ ಸಿಕ್ಕಾಕೊಂಡದೆ, ಬೇಗ ಬನ್ನಿ." ಹೋದವರ ಮುಂದೆ ಎರಡು ಕೆಲಸ ಇರುತ್ತವೆ. ಪ್ರಾಣಿಯನ್ನು ಜೀವಂತ ಬಿಡಿಸಬೇಕು, ಉರುಳು ಹಾಕಿದವನನ್ನು ಹಿಡಿದು ನ್ಯಾಯಾಲಯದವರೆಗೂ ಒಯ್ಯಬೇಕು. ಮೊದಲನೆಯದರ ಗಡಿಬಿಡಿಯಲ್ಲಿ ಎರಡನೆಯದು ಕೆಡುವುದೇ ಹೆಚ್ಚು. ಬೇಟೆಗಾರನ ಕೈ ತಾಗಿದ ಮುಖ್ಯ ವಸ್ತು ಆ ತಂತಿ. ಅದನ್ನೇ ತುಂಡುತುಂಡು ಮಾಡಿ ಪೊದೆಗೆ ಎಸೆದರೆ ಮುಂದಿನ ಕಾಗದವೆಲ್ಲ ದಂಡ.

ಉರುಳಿನ ಸಾಮಾನು ತೀರಾ ಅಗ್ಗದ್ದು. ಬೈಕಿನ ಹಳೇ ಕ್ಲಚ್ ವೈರು, ಸೈಕಲ್ಲಿನ ಬ್ರೇಕ್ ವೈರು ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಒಂದು ಗೂಟ ಇದ್ದರೆ ಸಾಕು. ಕಾಡುಹಂದಿ, ಮೊಲ ದಿನಾ ನುಸುಳುವ ಬೇಲಿಯ ಕಂಡಿಯಲ್ಲಿ ಕುಣಿಕೆ ಬಿಟ್ಟು, ಅಕ್ಕಪಕ್ಕ ಮುಳ್ಳು ತುರುಕಿ ಬೇರೆ ದಾರಿ ಇಲ್ಲದ ಹಾಗೆ ಮಾಡಿರುತ್ತಾರೆ. ಹಂದಿಗೆಂದು ಇಟ್ಟ ಎತ್ತರದಲ್ಲಿ ಚಿರತೆಯ ತಲೆ, ಭುಜ ಸಲೀಸಾಗಿ ದಾಟಿಬಿಡುತ್ತವೆ. ಕುಣಿಕೆ ಬಿಗಿಯುವುದು ಸೊಂಟಕ್ಕೆ. ಹೆಣೆದ ವೈರು ಒಮ್ಮೆ ಮಡಚಿ ಸೊಟ್ಟಗಾದರೆ ಹಿಂದಕ್ಕೆ ಜಾರುವುದಿಲ್ಲ; ಎಳೆದಷ್ಟೂ ಬಿಗಿಯುತ್ತದೆ. ಹೊರಗೆ ಕೂದಲು ಕಿತ್ತ ಗೆರೆಯಷ್ಟೇ ಕಂಡರೂ ಒಳಗೆ ಕರುಳು, ಮೂತ್ರಕೋಶ ಜಜ್ಜಿಹೋಗಿರಬಹುದು.

ಸ್ಥಳ ಮುಟ್ಟಿದ ಮೇಲಿನ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಮುಖ್ಯ. ಮೊದಲು ನೋಡಬೇಕಾದ್ದು ಬೇಲಿಗೆ ಕರೆಂಟ್ ಇದೆಯೇ ಎಂದು. ಸೋಲಾರ್ ಬೇಲಿಯಾದರೆ ಬ್ಯಾಟರಿ ಕಳಚಿಸಬೇಕು. ಲೈನಿನಿಂದ ಕಳ್ಳಸಂಪರ್ಕ ಎಳೆದಿರುವ ಅನುಮಾನವಿದ್ದರೆ ಚೆಸ್ಕಾಂನವರೋ ಬೆಸ್ಕಾಂನವರೋ ಲೈನ್ ಆಫ್ ಮಾಡಿದ್ದು ಖಾತ್ರಿಯಾಗುವವರೆಗೆ ಯಾರೂ ಬೇಲಿ ಮುಟ್ಟಬಾರದು. ಆಮೇಲೆ ಜನ. ಫೋನ್ ಹಿಡಿದು ಮುನ್ನೂರು ಮಂದಿ ಸೇರುತ್ತಾರೆ, ಕೂಗಿದಾಗಲೆಲ್ಲ ಚಿರತೆ ಜಗ್ಗುತ್ತದೆ, ಜಗ್ಗಿದಾಗಲೆಲ್ಲ ತಂತಿ ಇನ್ನಷ್ಟು ಒಳಗಿಳಿಯುತ್ತದೆ. ಪೊಲೀಸರನ್ನು ಕರೆಸಿ ಎಲ್ಲರನ್ನೂ ಕನಿಷ್ಠ ನೂರು ಮೀಟರ್ ಹಿಂದೆ ಸರಿಸಬೇಕು. ಸರಿಯದಿದ್ದರೆ ತಹಶೀಲ್ದಾರರ ಮೂಲಕ ನಿಷೇಧಾಜ್ಞೆ ಹಾಕಿಸಲು ಹಿಂಜರಿಯಬಾರದು. ಹಿಂದೆ 144 ಎನ್ನುತ್ತಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಚಿರತೆಗೂ ಜನಕ್ಕೂ ನಡುವೆ ಹಸಿರು ಶೇಡ್ ನೆಟ್ ಕಟ್ಟಿದರೆ ಪ್ರಾಣಿಯ ಅರ್ಧ ಗಾಬರಿ ಇಳಿಯುತ್ತದೆ.

ಇಬ್ಬರು ಮಾತ್ರ ಬೈನಾಕ್ಯುಲರ್ ಹಿಡಿದು ನೋಡಬೇಕಾದ್ದು ಮೂರು ಸಂಗತಿ: ಕುಣಿಕೆ ಯಾವ ಭಾಗಕ್ಕೆ ಬಿದ್ದಿದೆ, ತಂತಿಯ ಇನ್ನೊಂದು ತುದಿ ಯಾವುದಕ್ಕೆ ಕಟ್ಟಿದೆ, ಅದು ಎಷ್ಟು ಗಟ್ಟಿ. ಕಲ್ಲುಕಂಬಕ್ಕೆ ಕಟ್ಟಿದ್ದರೆ ಸಮಯ ಸಿಗುತ್ತದೆ. ಬರೀ ಮರದ ಗೂಟವಾದರೆ ಯಾವ ಕ್ಷಣದಲ್ಲಾದರೂ ಕಿತ್ತು ಬರಬಹುದು. ಸಾವುನೋವು ಹೆಚ್ಚಾಗಿ ಆಗುವುದು ಆಗಲೇ, ಬಲೆ ಹಿಡಿದು ಹತ್ತಿರ ಹೋದವರ ಮೇಲೆ ಚಿರತೆ ಎರಗಿದಾಗ. ಕಿತ್ತ ಗೂಟ ಎಳೆದುಕೊಂಡು ಮರ ಹತ್ತಿದರೆ ಅಲ್ಲೇ ನೇತುಬಿದ್ದು ಸಾಯುವುದೂ ಉಂಟು.

ಅರಿವಳಿಕೆ ಪಶುವೈದ್ಯರ ಕೆಲಸ. ಚಿರತೆ ವನ್ಯಜೀವಿ ಕಾಯ್ದೆಯ ಅನುಸೂಚಿ 1ರ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ, ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಹೊರಟ ಜೀಪಿನಿಂದಲೇ ಮೇಲಿನವರಿಗೆ ಫೋನ್ ಹೋಗಬೇಕು. ಸ್ಥಳಕ್ಕೆ ಹೋಗಿ ನೋಡಿ ಆಮೇಲೆ ಕೇಳೋಣ ಎಂದರೆ ಬಿಸಿಲೇರುತ್ತದೆ. ಸಾಮಾನ್ಯವಾಗಿ ಬಳಸುವುದು ಕೆಟಮಿನ್ ಮತ್ತು ಕ್ಸೈಲಜೀನ್ ಮಿಶ್ರಣ. ಕೆಟಮಿನ್ ಕೆಜಿಗೆ ಸುಮಾರು 5 ಮಿಲಿಗ್ರಾಂ, ಕ್ಸೈಲಜೀನ್ ಒಂದೂವರೆ ಮಿಲಿಗ್ರಾಂ ಆಸುಪಾಸು. ಪ್ರಾಣಿಯ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ತಪ್ಪುವುದು ತೂಕದ ಅಂದಾಜಿನಲ್ಲಿ. ರೋಮ ನಿಮಿರಿಸಿ ಗರ್ಜಿಸುವ ಚಿರತೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 35 ಕೆಜಿಯ ಹೆಣ್ಣನ್ನು 60 ಕೆಜಿ ಎಂದು ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಪಟ್ಟು ಹತ್ತಿರದಷ್ಟು ಮದ್ದು ಹೋಯಿತು, ಅದೂ ರಾತ್ರಿಯಿಡೀ ಒದ್ದಾಡಿ ನೀರಿಲ್ಲದೆ ಬಳಲಿದ ಮೈಗೆ.

ಡಾರ್ಟ್ (ದೂರದಿಂದ ಹಾರಿಸುವ ಮದ್ದಿನ ಸೂಜಿ) ತೊಡೆಗೋ ಭುಜದ ಮಾಂಸಕ್ಕೋ ಬೀಳಬೇಕು, ಎದೆಗೂಡು, ಹೊಟ್ಟೆ ಬೇಡವೇ ಬೇಡ. ಚುಚ್ಚಿದ ಮೇಲೆ ಹತ್ತರಿಂದ ಹದಿನೈದು ನಿಮಿಷ ಒಬ್ಬರೂ ಪಿಟ್ಟೆನ್ನಬಾರದು. ಆ ಮೌನ ಕೆಟ್ಟರೆ ಮದ್ದು ಪೂರ್ತಿ ಹಿಡಿಯುವುದಿಲ್ಲ, ಎರಡನೇ ಡಾರ್ಟ್ ಬೇಕಾಗುತ್ತದೆ. ತಲೆ ಕೆಳಗೆ ಬಿದ್ದ ಮೇಲೂ ಉದ್ದ ಕೋಲಿನಿಂದ ಕಿವಿ ಮುಟ್ಟಿ ನೋಡಿಯೇ ಹತ್ತಿರ ಹೋಗಬೇಕು. ಕೆಟಮಿನ್ ಕೊಟ್ಟ ಪ್ರಾಣಿಯ ಕಣ್ಣು ತೆರೆದೇ ಇರುತ್ತದೆ, ಹಾಗಾಗಿ ಮೊದಲು ಕಣ್ಣಿಗೆ ಮುಲಾಮು, ಮೇಲೆ ಬಟ್ಟೆ. ಕ್ಸೈಲಜೀನ್ ವಾಂತಿ ತರಿಸುತ್ತದೆ. ಕತ್ತು ಚಾಚಿಸಿ, ನಾಲಿಗೆ ಹೊರಗೆಳೆದು, ಬಾಯಿ ತುಸು ಕೆಳಮುಖವಾಗಿರುವಂತೆ ಮಲಗಿಸಬೇಕು. ಮೈಬಿಸಿ 101–102 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ್ದು 106 ದಾಟಿದ್ದರೆ ತೊಡೆಸಂದಿಗೆ, ಕಂಕುಳಿಗೆ ನೀರು ಸುರಿಯುತ್ತಲೇ ಇರಬೇಕು. ಇಪ್ಪತ್ತು ಲೀಟರಿನ ನಾಲ್ಕು ಕ್ಯಾನ್ ನೀರು ಜೀಪಿನಲ್ಲಿ ಇಲ್ಲದ ರಕ್ಷಣಾ ತಂಡ ಅರೆಬರೆ ತಂಡ.

ಈಗ ತಂತಿಯ ಸರದಿ. ಮೊದಲ ಕತ್ತರಿ ಕುಣಿಕೆಗೂ ಗೂಟಕ್ಕೂ ನಡುವೆ, ಎರಡೂ ಗಂಟಿನಿಂದ ಒಂದಡಿಯಾದರೂ ದೂರ. ಎರಡನೆಯದು ಕುಣಿಕೆಯ ಮೇಲೆ, ಗಂಟಿನ ಎದುರು ಬದಿಯಲ್ಲಿ. ಎರಡು ಗಂಟೂ ಇಡಿಯಾಗಿ ಉಳಿಯಬೇಕು. ತಂತಿ ತಿರುಚುವ ರೀತಿ ಕೈಯಿಂದ ಕೈಗೆ ಬೇರೆ. ಅನುಮಾನವಿರುವವನ ಮನೆಯಲ್ಲಿ ಅದೇ ದಪ್ಪದ ವೈರಿನ ಸುರುಳಿ ಸಿಕ್ಕರೆ, ಅವನು ಇಕ್ಕಳದಲ್ಲಿ ಕತ್ತರಿಸಿದ ತುದಿಯನ್ನು ಪ್ರಯೋಗಾಲಯದಲ್ಲಿ ಹೋಲಿಸಿ ನೋಡಬಹುದು. ನಮ್ಮವರು ಕತ್ತರಿಸಿದ ತುದಿಗಳಿಗೆ ತಕ್ಷಣ ಬಣ್ಣದ ಟೇಪ್ ಸುತ್ತಬೇಕು, ಇಲ್ಲವಾದರೆ ಯಾವ ತುದಿ ಯಾರದೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ತಂತಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ರಕ್ತ, ರೋಮ ಅಂಟಿದ್ದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೆವರಿ ಬೂಸಲು ಹಿಡಿಯುತ್ತದೆ, ಆರಿಸಿ ಕಾಗದದ ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕಬೇಕು, ಅದೇ ಮೊಹರಿನ ಮಾದರಿ ಮಹಜರಿನ ಮೇಲೂ ಬೀಳಬೇಕು.

ಇದೆಲ್ಲ ಚಿರತೆಯ ಸುತ್ತ ನಿಂತವರಿಂದ ಆಗದು. ಜೀಪ್ ಹತ್ತುವಾಗಲೇ ಇಬ್ಬರನ್ನು ತಂತಿಗೆಂದು ನೇಮಿಸಿಬಿಡಬೇಕು, ಒಬ್ಬ ಡಿಆರ್‌ಎಫ್‌ಒ (ಉಪ ವಲಯ ಅರಣ್ಯಾಧಿಕಾರಿ), ಒಬ್ಬ ಗಾರ್ಡ್. ಅವರು ಚಿರತೆಯ ಕಡೆ ತಿರುಗಿ ನೋಡುವುದೂ ಬೇಡ. ಜಿಪಿಎಸ್ ಅಕ್ಷಾಂಶ ರೇಖಾಂಶ, ಅಳತೆಪಟ್ಟಿ ಇಟ್ಟು ಫೋಟೊ, ಹೆಜ್ಜೆಗುರುತು, ಕಡಿದ ಪೊದೆಯ ಬುಡ ಹಸಿಯೋ ಒಣಗಿದ್ದೋ ಎಂಬ ಟಿಪ್ಪಣಿ, ಇಬ್ಬರು ಪಂಚರ ಎದುರು ಮಹಜರು. 2024ರ ಜುಲೈ 1ರಿಂದ ಜಾರಿಗೆ ಬಂದ ಅದೇ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕೆನ್ನುತ್ತದೆ. ಅದು ಪೊಲೀಸರನ್ನು ಕುರಿತ ಮಾತು ಎಂದು ಸುಮ್ಮನಿರುವುದಕ್ಕಿಂತ ಮಾಡಿಟ್ಟುಕೊಳ್ಳುವುದೇ ಕ್ಷೇಮ. ಆ ವಿಡಿಯೊ ಸಾಕ್ಷ್ಯವಾಗಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಹ್ಯಾಶ್ ಮೌಲ್ಯದ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತದ) ಸಮೇತ ಬೇಕು. ಫೋನಿನಿಂದ ವಾಟ್ಸ್ಆ್ಯಪ್‌ಗೆ ಹಾಕಿ, ಮೂಲ ಫೈಲ್ ಅಳಿಸಿಬಿಟ್ಟರೆ ಅದನ್ನು ಕೊಡುವುದು ಕಷ್ಟ.

ಕೇಸು ಬಿದ್ದುಹೋಗುವ ಇನ್ನೆರಡು ಜಾಗಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಲಿ ಯಾರದೋ ಅವನೇ ಆರೋಪಿ ಎಂದು ಬರೆದು ಮುಗಿಸುವುದು ಒಂದು. ವನ್ಯಜೀವಿ ಕಾಯ್ದೆಯ 57ನೇ ಕಲಂ, ಪ್ರಾಣಿಯೋ ಮಾಂಸವೋ ಚರ್ಮವೋ ಯಾರ ಬಳಿ ಸಿಕ್ಕಿತೋ ಅವರ ಮೇಲೆಯೇ ರುಜುವಾತಿನ ಹೊಣೆ ಹೊರಿಸುತ್ತದೆ ನಿಜ. ಹೊಲದ ಅಂಚಿನಲ್ಲಿ ಉರುಳು ಇತ್ತು ಎಂಬುದಕ್ಕೆ ಅದು ಅನ್ವಯಿಸುವುದಿಲ್ಲ. ಪಕ್ಕದೂರಿನವರು ಬಂದು ಬೇರೆಯವರ ಬೇಲಿಯಲ್ಲಿ ಹಾಕಿ ಹೋಗುವುದು ಮಾಮೂಲು. ಚಿರತೆ ಸಿಕ್ಕಿದೆ ಎಂದು ಫೋನ್ ಮಾಡಿದ ರೈತನನ್ನೇ ಆರೋಪಿ ಮಾಡಿದರೆ ಮುಂದಿನ ಸಲ ಆ ಊರಿನಿಂದ ಫೋನ್ ಬರುವುದಿಲ್ಲ, ಚಿರತೆಯನ್ನು ರಾತ್ರೋರಾತ್ರಿ ಹೂತುಬಿಡುತ್ತಾರೆ. ಅದೇ ರೈತನ ಬೆಳೆಹಾನಿಯ ಇ-ಪರಿಹಾರ (ಅರಣ್ಯ ಇಲಾಖೆಯ ಆನ್‌ಲೈನ್ ಪರಿಹಾರ) ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ವಿಲೇವಾರಿ ಮಾಡಿದ ಗಾರ್ಡ್‌ಗೆ ಉರುಳು ಹಾಕುವವರ ಹೆಸರು ತಾನಾಗಿ ಕಿವಿಗೆ ಬೀಳುತ್ತದೆ.

ಇನ್ನೊಂದು, ಹೇಳಿಕೆ. ಅದೇ ವನ್ಯಜೀವಿ ಕಾಯ್ದೆಯ 50(8)ರಡಿ ಸಾಕ್ಷ್ಯ ದಾಖಲಿಸುವ ಅಧಿಕಾರ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗೆ, ಅಂದರೆ ಎಸಿಎಫ್‌ಗೆ ಮತ್ತು ಮೇಲಿನವರಿಗೆ ಮಾತ್ರ. ಅದು ವಿಚಾರಣೆಯಲ್ಲಿ ನಿಲ್ಲಬೇಕಾದರೆ ಆರೋಪಿಯ ಎದುರೇ ದಾಖಲಾಗಿರಬೇಕು ಎಂದು 50(9) ಹೇಳುತ್ತದೆ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಬರೆದುಕೊಂಡು ಎಸಿಎಫ್ ಆಮೇಲೆ ಸಹಿ ಹಾಕಿದ ಹೇಳಿಕೆ ಮೊದಲ ಪಾಟೀಸವಾಲಿನಲ್ಲೇ ಉದುರುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. 55ನೇ ಕಲಂ ಪ್ರಕಾರ ಅಧಿಕಾರವುಳ್ಳ ಅಧಿಕಾರಿಯ ದೂರಿನ ಮೇಲೆ ಕೇಸು ನಡೆಯುವುದರಿಂದ ದೋಷಾರೋಪಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಕ್ಷಿಗಳನ್ನು ಕರೆಸಬೇಕಾಗಬಹುದು. ವರ್ಷಗಳ ಮೇಲೆ ಬಂದು ಎರಡು ಸಲ ಅದೇ ಮಾತು ಹೇಳಬಲ್ಲ ಪಂಚರನ್ನು ಆರಿಸಬೇಕು. ನಿಂತವರಲ್ಲಿ ಮೊದಲು ಸಿಕ್ಕ ಇಬ್ಬರ ಸಹಿ ಹಾಕಿಸಿಕೊಂಡರೆ ಆಗದು.

"ಹಂದಿಗೆ ಹಾಕಿದ್ದು ಸ್ವಾಮಿ, ಚಿರತೆಗಲ್ಲ" ಎಂಬ ಮಾತು ಪ್ರತಿ ಕೇಸಿನಲ್ಲೂ ಬರುತ್ತದೆ. ಕಾಡುಹಂದಿಯೂ 2022ರ ತಿದ್ದುಪಡಿಯ ನಂತರ ಅನುಸೂಚಿ 2ರಲ್ಲಿದೆ, ಉರುಳಲ್ಲಿ ಹಿಡಿಯುವುದೂ ಹಿಡಿಯಲು ಯತ್ನಿಸುವುದೂ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. ಅನುಸೂಚಿ 1ರ ಪ್ರಾಣಿಯಾದರೆ ಶಿಕ್ಷೆ 3ರಿಂದ 7 ವರ್ಷ, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ.

ಚಿರತೆಯ ಕಡೆಗೆ ಮರಳಿದರೆ, ಕ್ಸೈಲಜೀನಿಗೆ ಯೋಹಿಂಬಿನ್‌ನಂಥ ಪ್ರತಿಮದ್ದು ಇದೆ, ಕೆಟಮಿನ್‌ಗೆ ಇಲ್ಲ. ಡಾರ್ಟ್ ಬಿದ್ದು ನಲವತ್ತು ನಿಮಿಷವಾದರೂ ಕಳೆಯುವ ಮುಂಚೆ ಪ್ರತಿಮದ್ದು ಕೊಟ್ಟರೆ ಕೆಟಮಿನ್ ಒಂದೇ ಉಳಿದು ಮೈ ಸೆಟೆದು ನಡುಗುತ್ತದೆ. ಅಷ್ಟರಲ್ಲಿ ಡ್ರಿಪ್, ಗಾಯಕ್ಕೆ ಔಷಧ, ಬೋನಿಗೆ ವರ್ಗ. ಹೆಣ್ಣಾದರೆ ಮೊಲೆ ನೋಡಲೇಬೇಕು. ಹಾಲಿದ್ದರೆ ಹತ್ತಿರದ ಕಬ್ಬಿನ ಗದ್ದೆಯಲ್ಲೋ ಬಂಡೆಯ ಸಂದಿಯಲ್ಲೋ ಮರಿಗಳಿವೆ, ಆ ಸಂಜೆಯೇ ಹುಡುಕಾಟ ಶುರುವಾಗಬೇಕು.

ಅದೇ ದಿನ ಸಂಜೆ ಕಾಡಂಚಿಗೆ ಒಯ್ದು ಬೋನು ತೆರೆಯುವುದು, ವಿಡಿಯೊದಲ್ಲಿ ಚಿರತೆ ಓಡಿಹೋಗುವುದು, ಜನ ಚಪ್ಪಾಳೆ ತಟ್ಟುವುದು. ಸೊಂಟಕ್ಕೆ ಉರುಳು ಬಿದ್ದ ಪ್ರಾಣಿಗೆ ಇದು ಬಹಳ ಸಲ ಮರಣದಂಡನೆಯೇ. ಗಂಟೆಗಟ್ಟಲೆ ಎಳೆದಾಡಿದ ಸ್ನಾಯುಗಳು ಒಡೆದು ಅವುಗಳ ಬಣ್ಣದ್ರವ್ಯ ಮೂತ್ರಪಿಂಡಕ್ಕೆ ಇಳಿಯುತ್ತದೆ. ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಹಿಂಗಾಲು ಎಳೆಯುವುದು, ಎದ್ದು ಮತ್ತೆ ಕೂರುವುದು ಅದರ ಗುರುತು. ಇವು ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಮೈಸೂರು ಮೃಗಾಲಯದ ಕೂರ್ಗಳ್ಳಿ ಪುನರ್ವಸತಿ ಕೇಂದ್ರವೋ ಬನ್ನೇರುಘಟ್ಟವೋ ಹತ್ತಿರವಿದ್ದರೆ ಅಲ್ಲಿ ಕೆಲವು ದಿನವಾದರೂ ಇರಿಸಿ, ಮೂತ್ರ ತಿಳಿಯಾಗಿ, ತಿಂದು, ನಾಲ್ಕು ಕಾಲಿನಲ್ಲಿ ಸರಿಯಾಗಿ ನಡೆದ ಮೇಲೆಯೇ ಬಿಡುವ ಮಾತು.

ಸತ್ತುಹೋದರೆ ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ತಂತಿ ದೇಹದ ಮೇಲೇ ಇರಲಿ. ತಂತಿ ಒತ್ತಿದ ತೋಡಿನ ಆಳ, ಅಗಲ ವರದಿಯಲ್ಲಿ ಬರಬೇಕು. ಸುಡುವ ಮುನ್ನ 18 ಉಗುರು, 4 ಕೋರೆಹಲ್ಲು ಪಂಚರ ಎದುರು ಎಣಿಸಬೇಕು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು.

ಬಾವಿಗೆ ಬಿದ್ದ ಚಿರತೆಯ ಲೆಕ್ಕ ಬೇರೆ, ಇಲ್ಲಿ ಒಂದು ಮಾತು ಸಾಕು: ನೀರಿನಲ್ಲಿರುವ ಪ್ರಾಣಿಗೆ ಡಾರ್ಟ್ ಹೊಡೆದರೆ ಮುಳುಗುತ್ತದೆ. ಹಗ್ಗಕ್ಕೆ ಮಂಚ ಕಟ್ಟಿ ಇಳಿಸಿ ಅದರ ಮೇಲೆ ಹತ್ತಿಸಿಕೊಳ್ಳುವುದು ಮೊದಲು, ಉಳಿದದ್ದು ಆಮೇಲೆ.

ಒಂದು ಉರುಳು ಸಿಕ್ಕ ಬೇಲಿಯಲ್ಲಿ ಅದೊಂದೇ ಇರುತ್ತದೆ ಎಂದುಕೊಳ್ಳಬಾರದು. ಮರುದಿನ ಬೆಳಕು ಹರಿಯುವ ಮುಂಚೆ ಎರಡೂ ದಿಕ್ಕಿಗೆ ಒಂದೊಂದು ಕಿಲೋಮೀಟರ್ ನಡೆಯಬೇಕು. ಮಂಡಿಯೂರಿ ಹಂದಿಯ ಕಣ್ಣಿನ ಎತ್ತರದಿಂದ ನೋಡಿದರೆ ಮೇಲಿನಿಂದ ಕಾಣದ ತಂತಿ ಬೆಳಕಿಗೆದುರಾಗಿ ಹೊಳೆಯುತ್ತದೆ. ಖಾಲಿ ಉರುಳು ಸಿಕ್ಕಿದರೆ ಹೊಂಚು ಹಾಕಿ ಕೂರಲು ಆ ರಾತ್ರಿ ಜನ ಇದ್ದಾರೆಯೇ ನೋಡಬೇಕು. ಹಾಕಿದವನು ಸಾಮಾನ್ಯವಾಗಿ ಕತ್ತಲಿರುವಾಗಲೇ ನೋಡಲು ಬರುತ್ತಾನೆ. ಜನ ಇಲ್ಲವೆಂದಾದರೆ ಫೋಟೊ, ಮಹಜರು ಮುಗಿಸಿ ಅಲ್ಲೇ ಕಿತ್ತುಬಿಡಬೇಕು. ನಾಳೆ ನೋಡೋಣ ಎಂದು ಬಿಟ್ಟ ಉರುಳಿಗೆ ಆ ರಾತ್ರಿಯೇ ಪ್ರಾಣಿ ಬೀಳಬಹುದು.