ಆರ್ಗನಾಯ್ಡ್‌ನ ಕೋಶಗಳಿಗೆ ಹೆಸರಿಡುವ ಕೆಲಸ

ಪ್ರಯೋಗಾಲಯದಲ್ಲಿ ಬೆಳೆಸಿದ ಮೆದುಳಿನ ಆರ್ಗನಾಯ್ಡ್‌ನೊಳಗೆ, ಅಂದರೆ ಮೆದುಳಿನ ಅಂಗಾಂಶವನ್ನು ಹೋಲುವ ಕೋಶಗಳ ಪುಟ್ಟ ಉಂಡೆಯೊಳಗೆ, ಯಾವ ಯಾವ ಬಗೆಯ ಜೀವಕೋಶಗಳಿವೆ ಎಂಬುದನ್ನು ಹೇಗೆ ತಿಳಿಯುತ್ತಾರೆ ಎಂದು ಇಲ್ಲಿ ಮಣಿಪಾಲದಲ್ಲಿ ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ವಿಯೆನ್ನಾದ ಮ್ಯಾಡ್ಲಿನ್ ಲಂಕಾಸ್ಟರ್ ಮತ್ತು ಯೂರ್ಗೆನ್ ಕ್ನೋಬ್ಲಿಕ್ 2013ರಲ್ಲಿ ಮಾನವ ಕಾಂಡಕೋಶಗಳಿಂದ ಇಂಥ ಆರ್ಗನಾಯ್ಡ್ ಬೆಳೆಸಿದ ವಿಧಾನವನ್ನು ಪ್ರಕಟಿಸಿದ ಮೇಲೆ, ಈ ಪ್ರಶ್ನೆಯೇ ಆ ಕ್ಷೇತ್ರದ ಮುಖ್ಯ ಪ್ರಶ್ನೆಗಳಲ್ಲೊಂದಾಗಿದೆ.

ಅಂಗಾಂಶವನ್ನು ಕಿಣ್ವದಿಂದ ಬಿಡಿಸಿ, ಒಂದೊಂದು ಕೋಶವನ್ನೂ ಒಂದೊಂದು ಸೂಕ್ಷ್ಮ ಹನಿಯಲ್ಲಿ ಪ್ರತ್ಯೇಕಿಸಿ, ಅದರ ಆರ್‌ಎನ್‌ಎಗೆ (ಸಕ್ರಿಯ ಜೀನ್‌ಗಳಿಂದ ತಯಾರಾಗುವ ಪ್ರತಿಗಳಿಗೆ) ಗುರುತಿನ ಬಾರ್‌ಕೋಡ್ ಜೋಡಿಸಿ ಓದಿದರೆ, ಆ ಕೋಶದಲ್ಲಿ ಯಾವ ಜೀನ್‌ಗಳು ಸಕ್ರಿಯವಾಗಿದ್ದವು ಎಂಬುದು ತಿಳಿಯುತ್ತದೆ. ಒಂದನ್ನೊಂದು ಹೋಲುವ ಕೋಶಗಳನ್ನು ಕಂಪ್ಯೂಟರ್ ಗುಂಪುಗೂಡಿಸುತ್ತದೆ. ಆದರೆ ಮಲ್ಪೆ ಬಂದರಿನಲ್ಲಿ ಬೂತಾಯಿ, ಬಂಗುಡೆ ಮೀನುಗಳನ್ನು ನೋಡಿದೊಡನೆ ಬೇರೆ ಮಾಡುವಷ್ಟು ಸಲೀಸಾಗಿ ಈ ಗುಂಪುಗಳಿಗೆ ಹೆಸರಿಡಲಾಗದು. ಪ್ಯಾಕ್ಸ್‌6 ಜೀನ್ ಸಕ್ರಿಯವಾಗಿದ್ದರೆ ಅದು ಮೆದುಳಿನ ಹೊರಪದರದ ನರಕೋಶಗಳನ್ನು ಹುಟ್ಟಿಸುವ ಮೂಲಕೋಶ ಎನ್ನಲು ಮನಸ್ಸಾಗುತ್ತದೆ. ಆದರೆ ಬೆಳೆಯುತ್ತಿರುವ ಕಣ್ಣಿನ ಅಕ್ಷಿಪಟಲದಲ್ಲಿಯೂ ಅದೇ ಜೀನ್ ಸಕ್ರಿಯವಾಗಿರುತ್ತದೆ, ಮತ್ತು ಕೆಲವು ಆರ್ಗನಾಯ್ಡ್‌ಗಳಲ್ಲಿ ಅಕ್ಷಿಪಟಲದ ಕೋಶಗಳೂ ಹುಟ್ಟುತ್ತವೆ.

ಇದಕ್ಕಿಂತ ಗಂಭೀರವಾದ ತೊಡಕು, ಪ್ರತಿಕೂಲ ಪರಿಸರದಲ್ಲಿ ಕೋಶಗಳು ಅನುಭವಿಸುವ ಒತ್ತಡದ್ದು. ಆರ್ಗನಾಯ್ಡ್‌ಗೆ ರಕ್ತನಾಳಗಳಿಲ್ಲದ ಕಾರಣ, ಬೆಳೆದಂತೆ ಅದರ ಒಳಭಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಕ್ಯಾಲಿಫೋರ್ನಿಯಾದ ಆರ್ನಾಲ್ಡ್ ಕ್ರೀಗ್‌ಸ್ಟೈನ್ ಅವರ ತಂಡ 2020ರಲ್ಲಿ ತೋರಿಸಿದಂತೆ, ಒತ್ತಡಕ್ಕೆ ಸಂಬಂಧಿಸಿದ ಜೀನ್‌ಗಳು ಆರ್ಗನಾಯ್ಡ್‌ನ ಕೋಶಗಳಲ್ಲಿ ಹೆಚ್ಚು ಸಕ್ರಿಯವಾಗಿದ್ದು, ಕೋಶಗಳು ತಮ್ಮ ನಿರ್ದಿಷ್ಟ ಉಪಪ್ರಕಾರವನ್ನು ಸ್ಪಷ್ಟವಾಗಿ ಪಡೆಯುವುದಕ್ಕೆ ಅಡ್ಡಿಯಾಗುತ್ತದೆ. ಅವನ್ನು ಇಲಿಯ ಮೆದುಳಿಗೆ ಕಸಿ ಮಾಡಿದಾಗ ಆ ಒತ್ತಡ ತಗ್ಗಿತು. ಈ ಫಲಿತಾಂಶವನ್ನು ನಾನು ಬಹಳ ಮಹತ್ವದ್ದೆಂದು ಎಣಿಸುತ್ತೇನೆ, ಏಕೆಂದರೆ ಬೆಳೆಸಿದ ಪರಿಸರದ ಪರಿಣಾಮವನ್ನೇ ಕೋಶದ ಸ್ವಭಾವವೆಂದು ಕೋಶ ನಕ್ಷೆಯಲ್ಲಿ (ಯಾವ ಕೋಶ ಯಾವ ಬಗೆಯದು ಎಂದು ಗುರುತಿಸುವ ದಾಖಲೆಯಲ್ಲಿ) ಬರೆದುಬಿಟ್ಟರೆ, ಅದರ ಆಧಾರದ ಮೇಲೆ ನಡೆಯುವ ಔಷಧ ಪರೀಕ್ಷೆಯೂ ದಾರಿ ತಪ್ಪೀತು.

ಆದುದರಿಂದಲೇ ನಿಜವಾದ ಮಾನವ ಭ್ರೂಣದ ಮೆದುಳಿನ ದತ್ತಾಂಶದೊಡನೆ ಹೋಲಿಸದೆ ಹೆಸರಿಡುವುದು ಸರಿಯಲ್ಲ. 26 ವಿಧಾನಗಳಿಂದ ಬೆಳೆಸಿದ ಆರ್ಗನಾಯ್ಡ್‌ಗಳ 36 ದತ್ತಾಂಶಗಳನ್ನು, ಅಂದರೆ 17 ಲಕ್ಷಕ್ಕೂ ಹೆಚ್ಚು ಕೋಶಗಳನ್ನು, ಒಂದುಗೂಡಿಸಿ 2024ರಲ್ಲಿ ಪ್ರಕಟವಾದ ನಕ್ಷೆ ಇಂಥ ಹೋಲಿಕೆಯನ್ನೇ ಮಾಡಿತು. ಮೆದುಳಿನ ಭಾಗಗಳಾದ ಥಾಲಮಸ್, ನಡುಮೆದುಳು, ಸೆರೆಬೆಲ್ಲಮ್‌ಗಳ ನರಕೋಶಗಳು ಈ ಆರ್ಗನಾಯ್ಡ್‌ಗಳಲ್ಲಿ ವಿರಳವೆಂಬುದು ಅದರಿಂದ ಕಂಡುಬಂತು. ಮೆದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾಗಳ ಮೂಲವಂತೂ ಮೆದುಳಿನಲ್ಲಲ್ಲ, ಭ್ರೂಣಕ್ಕೆ ಅಂಟಿಕೊಂಡ ಹಳದಿ ಚೀಲದಲ್ಲಿ (ಯೋಕ್ ಸ್ಯಾಕ್) ಇದೆ. ಆದ್ದರಿಂದ ಸಾಮಾನ್ಯವಾಗಿ ಅವನ್ನು ಬೇರೆಯಾಗಿ ಬೆಳೆಸಿ ಸೇರಿಸಬೇಕಾಗುತ್ತದೆ.

2024ರ ಆ ನಕ್ಷೆಯ ದತ್ತಾಂಶ ಎಲ್ಲರಿಗೂ ತೆರೆದಿದೆ. ಆರ್ಗನಾಯ್ಡ್ ಬೆಳೆಸುವ ಸೌಲಭ್ಯವಿಲ್ಲದ ನಮ್ಮ ಕರಾವಳಿಯ ಕಾಲೇಜಿನ ವಿದ್ಯಾರ್ಥಿಯೂ ಒಂದು ಗುಂಪನ್ನು ಆರಿಸಿಕೊಂಡು, ಅದಕ್ಕೆ ಕೊಟ್ಟ ಹೆಸರು ಸರಿಯೇ ಎಂದು ತಾನೇ ಪರೀಕ್ಷಿಸಿ ನೋಡಬಹುದು.