14ರ ಕೆಳಗೆ, 60ರ ಮೇಲೆ: ಗ್ರಂಥಾಲಯದ ಆಫ್‌ಲೈನ್ ಪೆಟ್ಟಿಗೆ, ಎಂಟನೇ ವಾರದ ಲಾಗ್

ಗ್ರಾಮೀಣ ಡಿಜಿಟಲ್ ಸಾಕ್ಷರತೆಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಪಿಎಂಜಿದಿಶಾ 2024ರ ಮಾರ್ಚ್‌ಗೆ ಮುಗಿಯಿತು. ಮನೆಗೊಬ್ಬರಿಗೆ 20 ಗಂಟೆಯ ತರಬೇತಿ, ವಯಸ್ಸು 14ರಿಂದ 60. ಆ ಎರಡು ಅಂಕಿಗಳ ಆಚೆ ಉಳಿದವರಿಗೇ ಮುಖ್ಯವಾಗಿ ಈ ಪೆಟ್ಟಿಗೆ: ಇಂಟರ್ನೆಟ್ ಇಲ್ಲದೆಯೇ ತನ್ನದೇ ವೈಫೈ ಮೂಲಕ ಫೋನು, ಟ್ಯಾಬ್ಲೆಟ್ಟುಗಳಿಗೆ ಪಾಠ, ಪುಸ್ತಕ ಕೊಡುವ ಪುಟ್ಟ ಕಂಪ್ಯೂಟರ್. ಬೆಳಗ್ಗೆ ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳು, ಸಂಜೆ ಶಾಲೆ ಬಿಟ್ಟ ಮೇಲೆ ಹೈಸ್ಕೂಲಿನವರು, ಅವರಿಗಿಂತ ಮುಂಚೆ ಮಧ್ಯಾಹ್ನ ಹಿರಿಯರು. ಜಾಗ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ.

ಶುರುವಿನಲ್ಲಿ ವಯಸ್ಸಿಗೆ ತಕ್ಕ ಪಾಠ ಹೊಂದಿಸುವುದೇ ದೊಡ್ಡ ಕೆಲಸ ಅನ್ನಿಸಿತ್ತು. ಅದು ತಪ್ಪು ಅಂದಾಜು. ಪಾಠ ಬೇಕಾದಷ್ಟಿದೆ. ತೊಡಕೆಲ್ಲ ಕರೆಂಟಿನಲ್ಲಿ, ಬೆರಳಿನಲ್ಲಿ, ಒಟಿಪಿ ಯಾರ ಫೋನಿಗೆ ಹೋಗುತ್ತದೆ ಅನ್ನುವುದರಲ್ಲಿ.

ಪೆಟ್ಟಿಗೆಯೊಳಗೆ

ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ (4 ಜಿಬಿ), ಪಾಠಗಳನ್ನು ಕೂಡಿಡಲು 256 ಜಿಬಿ ಎಸ್‌ಎಸ್‌ಡಿ, 12 ವೋಲ್ಟಿನ ಸಾದಾ ವೈಫೈ ರೌಟರ್, ಮಿನಿ ಯುಪಿಎಸ್, ನಾಲ್ಕು ಟ್ಯಾಬ್ಲೆಟ್, ಎರಡು ಕೀಬೋರ್ಡ್. ಪೈನಲ್ಲೇ ವೈಫೈ ಇದೆಯಲ್ಲ, ರೌಟರ್ ಯಾಕೆ ಅಂದರೆ: ಹತ್ತಾರು ಫೋನು ಒಟ್ಟಿಗೆ ಬಂದರೆ ಅದಕ್ಕೆ ಉಸಿರು ಕಟ್ಟುತ್ತದೆ. ಜೊತೆಗೆ ನೀಲಿ ಯುಎಸ್‌ಬಿ 3 ಕಿಂಡಿಗೆ ಎಸ್‌ಎಸ್‌ಡಿ ಹಾಕಿದರೆ ಅದರ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡ ಬರುತ್ತದೆ. ಪೈನಿಂದ ರೌಟರಿಗೆ ಒಂದು ಲ್ಯಾನ್ ವೈರ್ ಎಳೆದರೆ ಎರಡೂ ತಾಪತ್ರಯ ತಪ್ಪಿತು.

ಕರೆಂಟಿನ ಲೆಕ್ಕ ಹೀಗಿದೆ. ಯುಪಿಎಸ್ ಮೇಲೆ 8,800 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತದೆ, ಆದರೆ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಗುಣಿಸಿದರೆ ಸುಮಾರು 32 ವಾಟ್-ಅವರ್. 12 ವೋಲ್ಟಿಗೆ ಏರಿಸಿ, ಪೈಗಾಗಿ ಮತ್ತೆ 5ಕ್ಕೆ ಇಳಿಸುವಾಗ ಐದರಲ್ಲೊಂದು ಪಾಲು ಸೋರುತ್ತದೆ. ರೌಟರ್, ಪೈ, ಎಸ್‌ಎಸ್‌ಡಿ ಸೇರಿ 13 ವಾಟ್ ಎಳೆದರೆ ಸಿಗುವುದು ಎರಡು ಗಂಟೆ. ಲೋಡ್‌ಶೆಡ್ಡಿಂಗ್‌ಗೆ ಅಷ್ಟು ಸಾಕು. 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್ ಕನಿಷ್ಠ 3 ಆಂಪ್ ಕೊಡುವಂಥದ್ದಿರಬೇಕು, ವೈರ್ ದಪ್ಪಗೆ, ಗಿಡ್ಡಗೆ ಇರಬೇಕು. ಹಳೆಯ ಮೊಬೈಲ್ ಚಾರ್ಜರಿನ ತೆಳ್ಳನೆ ಕೇಬಲ್ ಹಾಕಿ ನೋಡಿದ್ದಾಯಿತು. ದಾರಿಯಲ್ಲೇ ವೋಲ್ಟೇಜ್ ಇಳಿದು ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂತು, ಸ್ವಲ್ಪ ಹೊತ್ತಿಗೆ ಎಸ್‌ಎಸ್‌ಡಿ ಕಾಣದಾಯಿತು. ಮಿಂಚಿನ ಗುರುತು ಬಂದರೆ ಸಾಫ್ಟ್‌ವೇರ್ ತಡಕಬೇಡಿ, ಮೊದಲು ಕೇಬಲ್ ಬದಲಿಸಿ.

ಇನ್ನೊಂದು ಪೈ 4ರ ಗಡಿಯಾರದ ಕಥೆ. ಅದಕ್ಕೆ ಬ್ಯಾಟರಿ ಇಲ್ಲ. ಇಂಟರ್ನೆಟ್ ಇಲ್ಲದೆ ಆನ್ ಆದರೆ ನಿನ್ನೆ ಸಂಜೆ ಆಫ್ ಮಾಡಿದ ಹೊತ್ತಿನಿಂದಲೇ ಮುಂದುವರಿಯುತ್ತದೆ. ಯಾವ ಮಗು ಯಾವತ್ತು ಏನು ಓದಿತು ಅನ್ನುವ ದಾಖಲೆಯೆಲ್ಲ ಕಲಸುಮೇಲೋಗರ. ಬ್ಯಾಟರಿಯಿರುವ ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಪೈನ 1, 3, 5, 9ನೇ ಪಿನ್ನುಗಳಿಗೆ ಕೊಟ್ಟರೆ ಸರಿಹೋಗುತ್ತದೆ. ಮಾಡ್ಯೂಲಿನ ವಿದ್ಯುತ್ತು 1ನೇ ಪಿನ್ನಿನ 3.3 ವೋಲ್ಟಿನಿಂದಲೇ ಬರಲಿ. ಅಗ್ಗದ ಮಾಡ್ಯೂಲುಗಳಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. 5 ವೋಲ್ಟ್ ಕೊಟ್ಟರೆ ಚಾರ್ಜ್ ಮಾಡಬಾರದ ಸಿಆರ್2032 ಬಿಲ್ಲೆಯನ್ನೂ ಚಾರ್ಜ್ ಮಾಡಲು ಹೋಗುತ್ತದೆ.

ಸಾಫ್ಟ್‌ವೇರ್ ಎರಡೇ. ಪಾಠ, ಪುಸ್ತಕಗಳಿಗೆ ಕೋಲಿಬ್ರಿ. ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಓದಲು ಕಿವಿಕ್ಸ್. ಕೋಲಿಬ್ರಿ 8080 ಪೋರ್ಟ್ (ಸಾಫ್ಟ್‌ವೇರಿನ ಬಾಗಿಲ ಸಂಖ್ಯೆ ಅನ್ನಿ) ಹಿಡಿದು ಕೂತಿರುತ್ತದೆ, ಕಿವಿಕ್ಸ್‌ಗೆ 8081 ಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಪಿಡಿಎಫ್ ಇಳಿಸಿ, ಕೋಲಿಬ್ರಿ ಸ್ಟುಡಿಯೋದಲ್ಲಿ ನಮ್ಮದೇ ಒಂದು ಚಾನೆಲ್ ಕಟ್ಟಿ ಪೆಟ್ಟಿಗೆಗೆ ತಂದದ್ದಾಯಿತು.

"ಇಂಟರ್ನೆಟ್ ಇಲ್ಲ" ಅಂತ ಓಡಿಹೋಗುವ ಫೋನು

ಮೂರನೇ ವಾರ ಪೂರ್ತಿ ಇದಕ್ಕೇ ಹೋಯಿತು. ಪೆಟ್ಟಿಗೆಯ ವೈಫೈಗೆ ಸೇರಿದ ಆಂಡ್ರಾಯ್ಡ್ ಫೋನು ಹಿಂದಿನಿಂದ ಗೂಗಲಿನ ಒಂದು ವಿಳಾಸವನ್ನು ಮುಟ್ಟಿ ನೋಡುತ್ತದೆ. ಉತ್ತರ ಬರದಿದ್ದರೆ ಈ ವೈಫೈ ಪ್ರಯೋಜನವಿಲ್ಲ ಅಂದುಕೊಂಡು ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಮೇಲೆ ವೈಫೈ ಗುರುತು ಇದ್ದೇ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. "ಇಂಟರ್ನೆಟ್ ಇಲ್ಲ, ಆದರೂ ಸೇರಿರಬೇಕೇ" ಅಂತ ಕೇಳಿದಾಗ ಹೌದು ಅನ್ನಬೇಕು. ಆದರೆ ಆ ಪ್ರಶ್ನೆ ಬರುವುದು ನೋಟಿಫಿಕೇಶನ್ನಿನಲ್ಲಿ, ಅದನ್ನು ಎಳೆದು ನೋಡುವವರು ಯಾರು? ಈಗ ಬಾಗಿಲ ಪಕ್ಕ ಎರಡು ಕ್ಯೂಆರ್ ಅಂಟಿಸಿದೆ: ಮೊದಲನೆಯದು ವೈಫೈಗೆ, ಎರಡನೆಯದು ಪುಟದ ವಿಳಾಸಕ್ಕೆ. ನಡುವೆ ದಪ್ಪಕ್ಷರದಲ್ಲಿ "ಡೇಟಾ ಆಫ್ ಮಾಡಿ". ಹೋಗುವಾಗ ಕಾಣುವಂತೆ ಬಾಗಿಲ ಒಳಗಡೆ "ಡೇಟಾ ಆನ್ ಮಾಡಿಕೊಳ್ಳಿ". ಎರಡನೆಯ ಚೀಟಿ ಇಲ್ಲದಿದ್ದ ದಿನಗಳಲ್ಲಿ ಮನೆಗೆ ಹೋದ ಮೇಲೆ ವಾಟ್ಸಾಪ್ ನಿಂತಿದೆ ಅನ್ನುವ ದೂರು ತಪ್ಪದೆ ಬರುತ್ತಿತ್ತು.

ಚಿಕ್ಕವರು

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ 3, 4 ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮನೆಯಲ್ಲಿ ಹೇಗೂ ಫೋನು ನೋಡುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಇಲ್ಲಿ 15 ನಿಮಿಷ, ಅದೂ ವಾರಕ್ಕೆ ಮೂರು ದಿನ. ಒಂದು ಟ್ಯಾಬ್ಲೆಟ್ಟಿಗೆ ಮೂರು ಮಕ್ಕಳು, ಕಥೆ ಓದುವವರು ಅಂಗನವಾಡಿ ಟೀಚರ್. ಟ್ಯಾಬ್ಲೆಟ್ ಇಲ್ಲಿ ದೊಡ್ಡ ಚಿತ್ರಪುಸ್ತಕ, ಅಷ್ಟೇ.

ಟ್ಯಾಬ್ಲೆಟ್ ಕೈಗೆ ಕೊಡಬೇಡಿ, ಚಾಪೆಯ ಮೇಲಿಡಿ. ಮಗು ಹಿಡಿದುಕೊಂಡರೆ ಎಡಗೈ ಹೆಬ್ಬೆರಳು ಪರದೆಯ ಅಂಚಿಗೆ ಒತ್ತಿರುತ್ತದೆ. ಆಗ ಬಲಗೈ ಮುಟ್ಟಿದ್ದು ಎರಡನೇ ಸ್ಪರ್ಶವಾಗಿ, ಪುಟ ತಿರುಗುವ ಬದಲು ಚಿತ್ರ ಹಿಗ್ಗುತ್ತದೆ. ಒಂದೇ ಆಪ್‌ನಲ್ಲಿ ಪರದೆ ಬಿಗಿದಿಡುವ ಆಪ್ ಪಿನ್ನಿಂಗ್ ಹಾಕಿಡಿ, ಇಲ್ಲದಿದ್ದರೆ ಎರಡೇ ನಿಮಿಷಕ್ಕೆ ಕ್ಯಾಮೆರಾ ತೆರೆದಿರುತ್ತದೆ. ಬ್ಲೂಟೂತ್ ಸ್ಪೀಕರ್ ಪ್ರಯೋಗ ಕೈಬಿಟ್ಟಾಯಿತು: "ಅ" ಮುಟ್ಟಿದರೆ ಸದ್ದು ಚೂರು ತಡವಾಗಿ ಬರುತ್ತದೆ, ಅಷ್ಟರಲ್ಲಿ ಮಗು ಮತ್ತೊಮ್ಮೆ ಮುಟ್ಟಿರುತ್ತದೆ, ಆಮೇಲೆ "ಅ ಅ ಅ" ಅಂತ ಸಾಲಾಗಿ ಕೇಳುತ್ತದೆ. 3.5 ಮಿಮೀ ವೈರಿನ ಹಳೆಯ ಸ್ಪೀಕರೇ ಸರಿ.

ಹೈಸ್ಕೂಲಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಪೆಟ್ಟಿಗೆಯ ಮೂಲೆಮೂಲೆ ಅವರೇ ಹುಡುಕಿಕೊಳ್ಳುತ್ತಾರೆ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಇಟ್ಟಿದೆ. ಎಫ್ ಕೀ ಒತ್ತಕ್ಷರ ಕೊಡುತ್ತದೆ ಅನ್ನುವುದು ತಿಳಿದರೆ "ಅಮ್ಮ", "ಅಕ್ಕ" ಮೊದಲ ದಿನವೇ ಬರುತ್ತವೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ. ಅವು ಎಲ್ಲ ಫೋನಿಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿಲ್ಲ, ಫಾಂಟ್ ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತವೆ.

ಹಿರಿಯರು

ಹೆಚ್ಚು ಹೊತ್ತು ಹಿಡಿದದ್ದು, ಹೆಚ್ಚು ಕಲಿಸಿದ್ದು ಇಲ್ಲಿ. "ಇದು ನನ್ ಮಾತು ಕೇಳಲ್ಲ ಕಣಪ್ಪ" ಅನ್ನುವ ದೂರಿನ ಹಿಂದೆ ಒಂದು ಸೆಟ್ಟಿಂಗ್ ಇದೆ. ಅಡಿಕೆ ಸುಲಿದು, ಕಳೆ ಕಿತ್ತು ಒರಟಾದ ಬೆರಳು ಒಣಗಿರುತ್ತದೆ. ಮುಟ್ಟಿದ್ದು ಪರದೆಗೆ ತಿಳಿಯದೆ ಹೋದಾಗ ಅವರು ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಫೋನಿಗೆ ಅದು ಬೇರೆಯೇ ಆಜ್ಞೆ: ಐಕಾನ್ ಜಾಗ ಬಿಟ್ಟು ಏಳುತ್ತದೆ, ತೆಗೆದುಹಾಕಬೇಕೇ ಅಂತ ಕೇಳುತ್ತದೆ. ಪಾಪ, ವಾಟ್ಸಾಪ್ "ಕಳೆದುಹೋಗುವುದು" ಹೀಗೆ. ಆಕ್ಸೆಸಿಬಿಲಿಟಿಯಲ್ಲಿ "ಟಚ್ ಅಂಡ್ ಹೋಲ್ಡ್ ಡಿಲೇ" ಅನ್ನುವುದನ್ನು ದೀರ್ಘಕ್ಕೆ ಇಡಿ, ಹೋಮ್ ಸ್ಕ್ರೀನ್ ಲಾಕ್ ಮಾಡಿ, ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಕೆಳಗಿನ ಜಾರಿಸುವ ಗೆರೆಯ ಬದಲು ಮೂರು ಬಟನ್ ತನ್ನಿ. ಒದ್ದೆ ಬಟ್ಟೆಯ ತುಂಡೊಂದು ಮೇಜಿನ ಮೇಲಿರಲಿ. ಬೆರಳು ತುಸು ತೇವವಾದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅಕ್ಷರ ದೊಡ್ಡದು ಮಾಡುವಾಗ ಮಾತ್ರ ಕೈ ಹಿಡಿತದಲ್ಲಿರಲಿ. ಕೊನೆಯ ಹಂತಕ್ಕೆ ಏರಿಸಿದರೆ ಕೆಲವು ಆಪ್‌ಗಳಲ್ಲಿ "ಮುಂದೆ" ಬಟನ್ ಪರದೆಯಿಂದಲೇ ಆಚೆ ಬೀಳುತ್ತದೆ.

ಕಲಿಸುವ ಸರಣಿ: ಮೊದಲು ಫೋಟೋ ಹಾಕಿದ ನಂಬರಿಗೆ ಕರೆ, ಆಮೇಲೆ ವಾಯ್ಸ್ ಮೆಸೇಜ್, ಆಮೇಲೆ ಕನ್ನಡದಲ್ಲಿ ಮಾತಾಡಿ ಟೈಪಿಸುವುದು. ಯುಪಿಐ ಕೊನೆಗೆ. ಅದು ಆಫ್‌ಲೈನ್ ಪೆಟ್ಟಿಗೆಯಲ್ಲಿ ನಡೆಯುವಂಥದ್ದಲ್ಲ, ಅವರದೇ ಡೇಟಾದಲ್ಲಿ, ಗೊತ್ತಿರುವವರಿಗೆ 1 ರೂಪಾಯಿ ಕಳಿಸಿ ಅಭ್ಯಾಸ. ಪಿನ್ ಒತ್ತುವಾಗ ಸಹಾಯಕರು ಮುಖ ತಿರುಗಿಸಬೇಕು, ಇದು ಕಟ್ಟುನಿಟ್ಟು. ಗೋಡೆಯ ಮೇಲೆ ಎರಡು ಸಾಲು: "ದುಡ್ಡು ಬರೋಕೆ ಪಿನ್ ಬೇಡ. ಮೋಸ ಹೋದರೆ ತಕ್ಷಣ 1930." (ಸೈಬರ್ ವಂಚನೆಯ ಸಹಾಯವಾಣಿ ಅದು.) ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಬರುವ ಎಪಿಕೆ ಕಡತ (ಒತ್ತಿದರೆ ಮೋಸದ ಆಪ್ ಕೂರಿಸುವಂಥದ್ದು) ಹೇಗಿರುತ್ತದೆ ಅಂತ ಒಂದು ಚಿತ್ರ ಮಾಡಿ ತೋರಿಸುವುದು ಮಾತಿನ ಎಚ್ಚರಿಕೆಗಿಂತ ಚೆನ್ನಾಗಿ ತಲುಪುತ್ತಿದೆ.

ನವೆಂಬರಿನ ಜೀವನ್ ಪ್ರಮಾಣ್‌ಗಾಗಿ, ಅಂದರೆ ಪಿಂಚಣಿದಾರರು ಬದುಕಿದ್ದೇವೆಂದು ಕೊಡುವ ಡಿಜಿಟಲ್ ಪ್ರಮಾಣಪತ್ರಕ್ಕಾಗಿ, ತಯಾರಿ ನಡೆದಿದೆ. ಬೆರಳಚ್ಚು ಸವೆದವರಿಗೆ 2021ರಿಂದ ಮುಖ ತೋರಿಸುವ ದಾರಿ ಇದೆ. ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಎರಡೂ ಆಪ್ ಬೇಕು. ಪಿಪಿಒ (ಪಿಂಚಣಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಕೈಯಲ್ಲಿರಲಿ. ಕಿಟಕಿಗೆ ಬೆನ್ನು ಹಾಕಿ ಕೂರಿಸಿದರೆ ಮುಖ ಕಪ್ಪಾಗಿ ತಿರಸ್ಕಾರವಾಗುತ್ತದೆ, ಕಿಟಕಿಗೆ ಎದುರಾಗಿ ಕೂರಿಸಿ. ಹಿಂದೆ ಖಾಲಿ ಗೋಡೆ, ಕನ್ನಡಕ ಪಕ್ಕಕ್ಕೆ, ಹೇಳಿದಾಗ ಕಣ್ಣು ಮಿಟುಕಿಸುವುದು.

ಬಗೆಹರಿಯದ್ದು ಒಟಿಪಿ. ಎಷ್ಟೋ ಜನರ ಆಧಾರ್‌ಗೆ ಬೆಂಗಳೂರಿನಲ್ಲಿರುವ ಮಗನ ನಂಬರ್ ಕೂಡಿಸಿದೆ. ಅವನು ಡ್ಯೂಟಿಯಲ್ಲಿರುತ್ತಾನೆ, ಕರೆ ಎತ್ತುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಆಧಾರ್‌ನಲ್ಲಿ ನಂಬರ್ ಬದಲಿಸುವುದು ಬೇರೆಯೇ ಕೆಲಸ. ಹಾಗಾಗಿ ಹೊಸಬರು ಬಂದಾಗ ಮೊದಲ ಪ್ರಶ್ನೆಯೇ "ಒಟಿಪಿ ಯಾರಿಗೆ ಬರುತ್ತೆ ಅಜ್ಜಿ?" ಬೇರೆಯವರಿಗೆ ಅಂದರೆ ಒಟಿಪಿ ಬೇಡುವ ಪಾಠ ಸದ್ಯಕ್ಕೆ ಬದಿಗೆ.

ಮುಂದಿನ ವಾರಕ್ಕೆ: ಕನ್ನಡ ಓದಿ ಹೇಳುವ ಧ್ವನಿಯನ್ನು ನಾಲ್ಕೂ ಟ್ಯಾಬ್ಲೆಟ್ಟಿಗೆ ಮೊದಲೇ ಇಳಿಸಿಡಬೇಕು. ಮಕ್ಕಳ ಚಾಪೆ, ಹಿರಿಯರ ಬೆನ್ನೊರಗುವ ಕುರ್ಚಿ ಎರಡಕ್ಕೂ ಎಟುಕುವಂತೆ ಸ್ವಿಚ್‌ಬೋರ್ಡಿನಿಂದ ಎಕ್ಸ್‌ಟೆನ್ಷನ್ ಎಳೆಯಬೇಕು, ವೈರ್ ಕಾಲಿಗೆ ಸಿಗದಂತೆ ಗೋಡೆಗೆ ಕ್ಲಿಪ್ ಹೊಡೆದು. ಮೇಜಿನ ಡ್ರಾಯರಿಗೆ ಓದುವ ಕನ್ನಡಕ +1.5, +2, +2.5, ತಲಾ ಎರಡು.