ಯಾರೂ ಮಾಡಿಲ್ಲವೋ, ಮಾಡಿ ಬಿಟ್ಟಿದ್ದಾರೋ?

ಈ ವಾರದ ಆರಂಭದಲ್ಲಿ ನಮ್ಮ ತಂಡದ ಸಭೆಯಲ್ಲಿ ಕೇಳಿಬಂದ ಪ್ರಶ್ನೆಯೊಂದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಹೊಸ ಮಾಧ್ಯಮ ಯೋಜನೆಗೆ ಆಲೋಚನೆಗಳನ್ನು ಕಲೆಹಾಕಲು ಎಲ್ಲರೂ ಕುಳಿತಿದ್ದೆವು. ಓದಲು ಬಾರದವರಿಗೂ ಓದಲು ಬಿಡುವಿಲ್ಲದವರಿಗೂ ಸಾಮಾನ್ಯ ಫೋನ್ ಕರೆಯಲ್ಲೇ ಸುದ್ದಿ ಕೇಳಿಸುವ, ಅಂತರಜಾಲದ ಹಂಗಿಲ್ಲದ ಸೇವೆಯೊಂದನ್ನು ತಂಡದ ಕಿರಿಯ ಪ್ರೋಗ್ರಾಮರ್ ಅತ್ಯುತ್ಸಾಹದಿಂದ ವಿವರಿಸಿದರು. ಕೊನೆಯಲ್ಲಿ, "ಇಂಥದ್ದನ್ನು ಈವರೆಗೆ ಯಾರೂ ಮಾಡಿಲ್ಲ" ಎಂದು ಸೇರಿಸಿದರು. ಸಭೆಗಳಲ್ಲಿ ತೀರ ಕಡಿಮೆ ಮಾತನಾಡುವ, ಧ್ವನಿಮುದ್ರಣ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದರು: "ಯಾರೂ ಮಾಡಿಲ್ಲವೋ, ಮಾಡಿ ಬಿಟ್ಟಿದ್ದಾರೋ?"

ಕೆಲವರು ನಕ್ಕರು. ವ್ಯವಸ್ಥಾಪಕರು, "ಮೇಡಂ, ಹುಡುಕಾಟವೆಲ್ಲ ಆಮೇಲೆ, ಈಗ ಆಲೋಚನೆಗಳು ಬರಲಿ" ಎನ್ನುತ್ತ ಗೋಡೆಗೆ ಇನ್ನೊಂದು ಬಣ್ಣದ ಚೀಟಿ ಅಂಟಿಸಿದರು. ಅವರು ಒಳ್ಳೆಯ ಮನುಷ್ಯರು, ಆದರೆ ಸಭೆಯ ಯಶಸ್ಸನ್ನು ಗೋಡೆಯ ಮೇಲಿನ ಚೀಟಿಗಳಿಂದ ಅಳೆಯುವವರು. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್ 1953ರ ತಮ್ಮ ಪುಸ್ತಕದಲ್ಲಿ ಬ್ರೈನ್‌ಸ್ಟಾರ್ಮಿಂಗ್‌ಗೆ, ಅಂದರೆ ಗುಂಪಾಗಿ ಕುಳಿತು ಆಲೋಚನೆಗಳನ್ನು ಕಲೆಹಾಕುವುದಕ್ಕೆ, ಹಾಕಿಕೊಟ್ಟ ನಿಯಮಗಳು, ಅಂದರೆ ಟೀಕೆ ಬೇಡ, ಸಂಖ್ಯೆ ಹೆಚ್ಚಲಿ ಎಂಬಂಥವು, ಅವರಿಗೆ ವೇದವಾಕ್ಯ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಒಂಟಿಯಾಗಿ ಯೋಚಿಸಿದ ನಾಲ್ವರ ಆಲೋಚನೆಗಳನ್ನು ಕೂಡಿಸಿದರೆ ಒಟ್ಟಿಗೆ ಕುಳಿತ ನಾಲ್ವರಿಗಿಂತ ಹೆಚ್ಚಾಗುತ್ತವೆ ಎಂದು ಕಂಡುಬಂದಿತ್ತು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಡೀಲ್ ಮತ್ತು ಸ್ಟ್ರೋಬೆ ತೋರಿಸಿದರು. ಇದನ್ನು ಆ ಸಭೆಯಲ್ಲಿ ಎತ್ತುವ ಮನಸ್ಸಾಗಲಿಲ್ಲ. ಚೀಟಿಗಳ ಮೇಲಿನ ಅವರ ಪ್ರೀತಿ ನಿರಪಾಯಕಾರಿಯಾದದ್ದು.

ಪ್ರೋಗ್ರಾಮರ್‌ಗೆ ಮಾತ್ರ ಆ ಪ್ರಶ್ನೆ ಚುಚ್ಚಿತ್ತು. ಅವರ ಮುಖ ಕೆಂಪಾದದ್ದನ್ನು ನಾನು ನೋಡಿದೆ. ಆದರೆ ಮುನಿಸಿಕೊಂಡು ಕೂರುವ ಬದಲು ಮರುದಿನ ಬೆಳಿಗ್ಗೆಯೇ ಬಂದು, "ಹೇಗೆ ಹುಡುಕುವುದು, ಹೇಳಿ ಸರ್" ಎಂದರು. ಈ ಗುಣ ಎಲ್ಲ ಜಾಣರಲ್ಲೂ ಇರುವುದಿಲ್ಲ.

ಅವರು ಮೊದಲು ಹುಡುಕಿದ್ದು ಆ್ಯಪ್ ಮಳಿಗೆಗಳಲ್ಲಿ. ಅಲ್ಲಿ ಬದುಕಿರುವವು ಮಾತ್ರ ಕಾಣಿಸುತ್ತವೆ; ಮುಚ್ಚಿಹೋದ ಸೇವೆಗಳಿಗೆ ಅಲ್ಲಿ ಜಾಗವಿಲ್ಲ. ಅಂಥವುಗಳ ಹಳೆಯ ಪುಟಗಳು, ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುವುದುಂಟು. ಪೇಟೆಂಟ್ ದಾಖಲೆಗಳು ಇನ್ನೂ ಹೆಚ್ಚು ಉಪಕಾರಿ, ಏಕೆಂದರೆ ಈಗಿನ ಪೇಟೆಂಟುಗಳೊಂದಿಗೆ ಸಾಮಾನ್ಯವಾಗಿ ಅವುಗಳಿಗಿಂತ ಹಿಂದಿನ ಪೇಟೆಂಟುಗಳ ಉಲ್ಲೇಖಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಹಿಂದೆ ಹಿಂದೆ ನಡೆದರೆ ನಾವು ಊಹಿಸದ ಕಾಲಕ್ಕೆ ತಲುಪುತ್ತೇವೆ. ಇಂದಿನ ಉಪಕರಣದ ಹೆಸರನ್ನು ಬಿಟ್ಟು, ಕೇಳುವವನಿಗೆ ಆಗಬೇಕಾದ ಕೆಲಸವೇನು ಎಂಬುದನ್ನು ಹಿಡಿದು ಹುಡುಕಿ ಎಂದಷ್ಟೇ ನಾನು ಹೇಳಿದೆ. ಸಂಜೆಯ ಹೊತ್ತಿಗೆ ಅವರು ಹತ್ತೊಂಬತ್ತನೆಯ ಶತಮಾನದ ಹಂಗೇರಿಯ ಬುಡಾಪೆಸ್ಟಿನಲ್ಲಿದ್ದರು.

ಟಿವಾಡಾರ್ ಪುಶ್ಕಾಶ್ ಎಂಬಾತ 1893ರ ಫೆಬ್ರುವರಿಯಲ್ಲಿ ಅಲ್ಲಿ 'ಟೆಲಿಫೋನ್ ಹಿರ್ಮೊಂಡೊ' ಎಂಬ ಫೋನ್ ಪತ್ರಿಕೆಯನ್ನು ಆರಂಭಿಸಿದ. ರೇಡಿಯೋ ಪ್ರಸಾರ ಇನ್ನೂ ಹುಟ್ಟಿರದ ಕಾಲವದು. ಚಂದಾದಾರರು ಮನೆಯಲ್ಲೇ ಕುಳಿತು, ಗೊತ್ತುಪಡಿಸಿದ ವೇಳಾಪಟ್ಟಿಯಂತೆ ಸುದ್ದಿ, ಷೇರು ದರ, ಸಂಜೆಗೆ ಸಂಗೀತ ನಾಟಕಗಳನ್ನು ಕಿವಿಗೆ ಹಿಡಿದ ರಿಸೀವರ್‌ನಲ್ಲಿ ಕೇಳುತ್ತಿದ್ದರು. ಧ್ವನಿಯನ್ನು ಹಿಗ್ಗಿಸುವ ಸಾಧನ ಇಲ್ಲದ್ದರಿಂದ ಗಟ್ಟಿ ಕಂಠದವರನ್ನೇ ಆರಿಸಿ ಓದಿಸಲಾಗುತ್ತಿತ್ತು; ಓದುವವರು ದಣಿಯುತ್ತಿದ್ದುದರಿಂದ ಅವರನ್ನು ಆಗಾಗ ಬದಲಿಸಬೇಕಾಗುತ್ತಿತ್ತು. ಪುಶ್ಕಾಶ್ ಮರು ತಿಂಗಳೇ ತೀರಿಕೊಂಡ, ಆದರೆ ಆತನ ಸೇವೆ ಎರಡನೆಯ ಮಹಾಯುದ್ಧದವರೆಗೂ ನಡೆಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಅಮೆರಿಕದ ನ್ಯೂವರ್ಕ್‌ನಲ್ಲಿ 1911ರಲ್ಲಿ ಶುರುವಾದ ಸೇವೆ ಹಣದ ಮುಗ್ಗಟ್ಟಿನಿಂದ ಮರುವರ್ಷವೇ ನಿಂತುಹೋಯಿತು.

ಇದನ್ನೆಲ್ಲ ಓದಿ ಮುಗಿಸಿದ ಪ್ರೋಗ್ರಾಮರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿದರು. "ಎಲ್ಲವೂ ಆಗಿಹೋಗಿದೆ, ಇನ್ನು ನಾವು ಮಾಡುವುದೇನಿದೆ?" ಎಂದರು. ಆಗ ಆ ಪ್ರಶ್ನೆ ನನಗೆ ಮತ್ತೆ ಕೇಳಿಸಿದಂತಾಯಿತು. ಈ ಬಾರಿ ಅದರ ಉತ್ತರಾರ್ಧ. ಮಾಡಿ ಬಿಟ್ಟಿದ್ದಾರೆ ಎಂಬುದು ಗೊತ್ತಾದಲ್ಲಿ ಹುಡುಕಾಟ ಮುಗಿಯುವುದಿಲ್ಲ, ಏಕೆ ಬಿಟ್ಟರು ಎಂಬುದು ಬಾಕಿ ಇರುತ್ತದೆ. ಬುಡಾಪೆಸ್ಟಿನ ತೊಡಕುಗಳಲ್ಲಿ ಕೆಲವು ಕಾಲದೊಂದಿಗೇ ತೀರಿಹೋಗಿವೆ: ಮನೆಮನೆಗೂ ತಂತಿ ಎಳೆಯಬೇಕಿಲ್ಲ, ಯಾರೂ ಕಿರುಚಿ ಓದಬೇಕಿಲ್ಲ. ಇನ್ನು ಕೆಲವು ಹಾಗೆಯೇ ಉಳಿದಿವೆ. ಕಣ್ಣು ಒಂದು ಪುಟವನ್ನು ಕ್ಷಣದಲ್ಲಿ ಸವರಿ ತನಗೆ ಬೇಕಾದದ್ದನ್ನು ಹೆಕ್ಕಿಕೊಳ್ಳುತ್ತದೆ. ಕಿವಿಗೆ ಆ ಅನುಕೂಲವಿಲ್ಲ, ಬೇಡದ ಸುದ್ದಿ ಮುಗಿಯುವವರೆಗೂ ಅದು ಕಾಯಲೇಬೇಕು. ಹಣದ ಪ್ರಶ್ನೆಯೂ ನ್ಯೂವರ್ಕ್‌ನಲ್ಲಿದ್ದಂತೆಯೇ ಇದೆ. ಮಧ್ಯ ಭಾರತದಲ್ಲಿ 2010ರಲ್ಲಿ ಆರಂಭವಾದ ಫೋನ್ ಸುದ್ದಿ ಸೇವೆ 'ಸಿಜಿನೆಟ್ ಸ್ವರ'ದವರು, ಕೇಳುಗರು ಮಿಸ್ಡ್ ಕಾಲ್ ಕೊಟ್ಟರೆ ತಾವೇ ತಿರುಗಿ ಕರೆ ಮಾಡುವ ವ್ಯವಸ್ಥೆ ಮಾಡಿದರು. ಅಲ್ಲಿ ಕೇಳುಗರೇ ತಮ್ಮ ಸುದ್ದಿಯನ್ನು ಹೇಳಿ ಧ್ವನಿಮುದ್ರಿಸಬಹುದಿತ್ತು. ಹೀಗೆ ಕರೆಯ ಖರ್ಚು ಕೇಳುಗನ ಹೆಗಲಿನಿಂದ ಇಳಿಯಿತು, ಆದರೆ ಖರ್ಚು ಮಾಯವಾಗಲಿಲ್ಲ, ನಡೆಸುವವರ ಹೆಗಲಿಗೆ ಬಂತು.

ತೀರಿದ ತೊಡಕು ಯಾವುದು, ಉಳಿದ ತೊಡಕು ಯಾವುದು ಎಂದು ಬೇರ್ಪಡಿಸುವುದೇ ಈ ಹುಡುಕಾಟದ ಅಸಲು ಕೆಲಸವೆಂದು ನನಗೆ ಅನ್ನಿಸತೊಡಗಿದೆ. ಹೊಸತನದ ಬಗ್ಗೆ ನಮಗಿರುವ ಹಂಬಲ ಇದಕ್ಕೆ ಅಡ್ಡ ಬರುತ್ತದೆ. ಧ್ವನಿಯನ್ನು ಮುದ್ರಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್ ಕಂಡುಹಿಡಿದ ಎಡಿಸನ್ 1878ರಲ್ಲಿ ಅದರ ಉಪಯೋಗಗಳ ಪಟ್ಟಿ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಪತ್ರ ಹೇಳಿ ಬರೆಸುವುದಕ್ಕೆ. ಅಂಧರಿಗಾಗಿ ಮಾತನಾಡುವ ಪುಸ್ತಕಗಳೂ, ಸಾಯುವವರ ಕೊನೆಯ ಮಾತುಗಳೂ ಆ ಪಟ್ಟಿಯಲ್ಲಿದ್ದವು. ಸಂಗೀತವೂ ಇತ್ತು, ಆದರೆ ಅದೇ ಮುಂದೆ ದೊಡ್ಡ ಉದ್ಯಮವಾದೀತೆಂಬ ಸುಳಿವು ಆ ಕ್ರಮದಲ್ಲಿ ಇರಲಿಲ್ಲ. ಉಪಕರಣ ಕಂಡುಹಿಡಿದವನಿಗೇ ಅದರ ಬಳಕೆ ಹೀಗೆ ಮಸುಕಾಗಿದ್ದರೆ, ಗೋಡೆಯ ಚೀಟಿಗಳಿಂದ ನಾವು ಎಷ್ಟು ತಿಳಿಯಬಲ್ಲೆವು?

ಆದ್ದರಿಂದ ಒಂದು ಸಾಲು ಕೋಡ್ ಬರೆಯುವ ಮೊದಲೇ ಒಂದು ಪರೀಕ್ಷೆ ಮಾಡಿದೆವು. ಈ ವಿಧಾನವೂ ಹಳೆಯದೇ: ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ಜನರಿಗೆ ಬೇಕೇ ಎಂದು ತಿಳಿಯಲು ಕಂಪ್ಯೂಟರ್ ಕಂಪನಿ ಐಬಿಎಂನ ಸಂಶೋಧಕರು 1980ರ ದಶಕದ ಆರಂಭದಲ್ಲಿ, ಮರೆಯಲ್ಲಿ ಕುಳಿತ ಟೈಪಿಸ್ಟ್ ಒಬ್ಬರನ್ನೇ ಯಂತ್ರವಾಗಿಸಿದ್ದರು. ನಮ್ಮಲ್ಲಿ ಯಂತ್ರವಾದವರು ಧ್ವನಿಮುದ್ರಣದ ಆ ಸಹೋದ್ಯೋಗಿ. ಪಕ್ಕದ ಕೋಣೆಯಿಂದ ಫೋನಿನಲ್ಲಿ ಸುದ್ದಿ ಓದುವುದು, ಕೇಳುಗರು ಒತ್ತಿದ ಸಂಖ್ಯೆಗೆ ತಕ್ಕ ವಿಭಾಗಕ್ಕೆ ಹೋಗುವುದು, ಬೇರೆ ಯಾವ ಮಾತಿಗೂ ಉತ್ತರಿಸದಿರುವುದು ಅವರ ಪಾಲಿನ ನಿಯಮ. ಸಂಖ್ಯೆ ಒತ್ತಿದವರು ವಿರಳ. ಸುದ್ದಿಯ ನಡುವೆಯೇ "ಸ್ವಲ್ಪ ನಿಲ್ಲಿ, ಅದು ಯಾವಾಗ ನಡೆದದ್ದು?" ಎಂದು ಕೇಳಿದವರೇ ಹೆಚ್ಚು. ನಿಯಮದಂತೆ ಆಕೆ ಸುಮ್ಮನೆ ಮುಂದಕ್ಕೆ ಓದಿದರು. ಒಬ್ಬ ಕೇಳುಗರು ಬೇಸರದಿಂದ ಫೋನ್ ಇಟ್ಟೇಬಿಟ್ಟರು.

ಮಧ್ಯೆ ತಡೆದು ಪ್ರಶ್ನೆ ಕೇಳಬಹುದಾದ ಸುದ್ದಿ ಎಂಬುದು ಆ ದಿನ ಗೋಡೆಯ ಮೇಲಿನ ಒಂದು ಚೀಟಿಯಲ್ಲೂ ಇರಲಿಲ್ಲ. ಪ್ರೋಗ್ರಾಮರ್ ಈಗ ಅದರ ಬೆನ್ನು ಹತ್ತಿದ್ದಾರೆ, ಮೊದಲು ಯಾರು ಮಾಡಿ ಬಿಟ್ಟಿದ್ದಾರೆ ಎಂಬ ಪಟ್ಟಿಯಿಂದಲೇ ಆರಂಭಿಸಿ. ಕರೆಯ ಖರ್ಚನ್ನು ಹೊರುವವರು ಯಾರು ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ಹುಡುಕಾಟವೆಲ್ಲ ಆಮೇಲೆ ಎಂದಿದ್ದ ವ್ಯವಸ್ಥಾಪಕರೇ, ಬುಡಾಪೆಸ್ಟಿನವರು ಸುದ್ದಿಯ ನಡುವೆ ಜಾಹೀರಾತು ಓದುತ್ತಿದ್ದರೆಂಬುದನ್ನು ಹೆಕ್ಕಿಕೊಂಡು ನಿನ್ನೆ ಭರ್ಜರಿಯಾಗಿ ವಾದಿಸಿದರು. ಪತ್ರಿಕೆಯಲ್ಲಾದರೆ ಜಾಹೀರಾತನ್ನು ದಾಟಿ ಓದಬಹುದು, ಫೋನಿನಲ್ಲಿ ದಾಟುವುದು ಹೇಗೆ ಎಂದು ಧ್ವನಿಮುದ್ರಣದವರು ಕೇಳುತ್ತಿದ್ದಾರೆ. ಈ ವಿಷಯದಲ್ಲಿ ನಾನು ಅವರ ಪರ, ಆದರೆ ಬದಲಿ ದಾರಿ ನನ್ನ ಬಳಿಯೂ ಇಲ್ಲದ್ದರಿಂದ ವಾದ ಮುಂದಿನ ವಾರಕ್ಕೆ ಹೋಗಿದೆ.